ನಿಮಗಿದು ಗೊತ್ತೇ? ಮಂಜಿನಲ್ಲಿ ವಿಮಾನ ಇಳಿಸುವ ಕಾಣದ ಕಿರಣಕ್ಕೂ ಕಾವಲು ಬೇಕು

ಕಿಣತ್ತುಕಡವಿನ ಪೊನ್‌ಮಲೆ ವೇಲಾಯುಧಸ್ವಾಮಿ ಗುಡಿಯಿಂದ ನೇರ ಗೆರೆ ಎಳೆದರೆ ಕೊಯಮತ್ತೂರಿನ ಪೀಳಮೇಡು ವಿಮಾನ ನಿಲ್ದಾಣ ಉತ್ತರಕ್ಕೆ 25 ಕಿ.ಮೀ.ಗೂ ಕಡಿಮೆ ದೂರ. ಅಲ್ಲಿ ಇರುವುದು ಒಂದೇ ರನ್‌ವೇ. ಅದರ ಒಂದು ತುದಿಯಲ್ಲಿ 05, ಇನ್ನೊಂದು ತುದಿಯಲ್ಲಿ 23 ಎಂದು ಬರೆದಿರುತ್ತದೆ. 23 ಅಂದರೆ ದಿಕ್ಸೂಚಿಯ ಸುಮಾರು 230 ಡಿಗ್ರಿ, ಅಂದರೆ ನೈಋತ್ಯ. ಕಿಣತ್ತುಕಡವು, ಪೊಳ್ಳಾಚಿ ಕಡೆಯ ಕನ್ನಡ ಮನೆಗಳವರು ಜನವರಿಯ ಬೆಳಗ್ಗೆ ಬೆಂಗಳೂರಿಗೆ ಹೊರಟರೆ, ಇಲ್ಲಿ ಚೆನ್ನಾಗಿ ಬಿಸಿಲಿದ್ದರೂ ‘ಬೆಂಗಳೂರಿನಲ್ಲಿ ಮಂಜು, ವಿಮಾನ ತಡ’ ಎಂಬ ಮಾತು ಕಿವಿಗೆ ಬೀಳುವುದುಂಟು. ಯಂತ್ರಗಳೆಲ್ಲ ಸರಿಯಿದ್ದೂ ಯಾಕೆ ತಡ? ಈ ಸಲದ ಅಂಕಣ ಅದರ ಬಗ್ಗೆ.

ಮಂಜಿನಲ್ಲಿ ವಿಮಾನಕ್ಕೆ ದಾರಿ ತೋರಿಸುವುದು ಐಎಲ್‌ಎಸ್, ಅಂದರೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಂ. ಇದು ಉಪಗ್ರಹದಿಂದ ಬರುವುದಲ್ಲ, ರನ್‌ವೇ ಪಕ್ಕದ ನೆಲದಿಂದಲೇ ಹೊರಡುವ ರೇಡಿಯೊ ಸಂಕೇತ. ಅದರಲ್ಲಿ ಎರಡು ಭಾಗ. ಎಡ–ಬಲ ಹೇಳುವುದು ಲೋಕಲೈಜರ್, ಮೇಲೆ–ಕೆಳಗೆ ಹೇಳುವುದು ಗ್ಲೈಡ್ ಪಾತ್.

ಲೋಕಲೈಜರ್‌ನ ಆ್ಯಂಟೆನಾ ಸಾಲು ನಿಂತಿರುವುದು ವಿಮಾನ ನೆಲ ಮುಟ್ಟುವ ಕಡೆಯಲ್ಲ, ರನ್‌ವೇಯ ಆಚೆ ತುದಿಯ ಹೊರಗೆ. 4 ಕಿ.ಮೀ. ಉದ್ದದ ರನ್‌ವೇಯಾದರೆ, ಇಳಿಯಲು ಬರುವ ವಿಮಾನ 4 ಕಿ.ಮೀ.ಗೂ ಹೆಚ್ಚು ದೂರದಿಂದ ರನ್‌ವೇ ಉದ್ದಕ್ಕೂ ಹರಿದುಬಂದ ಸಂಕೇತವನ್ನು ಹಿಡಿಯುತ್ತಿರುತ್ತದೆ. ಈ ಒಂದು ಸಂಗತಿ ನೆನಪಿನಲ್ಲಿರಲಿ, ಮುಂದೆ ಬರುವ ಅರ್ಧ ಮಾತು ಇದರ ಮೇಲೆಯೇ ನಿಂತಿದೆ.

ಸಂಕೇತದೊಳಗೆ ಎರಡು ಸ್ವರಗಳಿವೆ, 90 ಹರ್ಟ್ಸ್ ಮತ್ತು 150 ಹರ್ಟ್ಸ್. ಇಳಿಯಲು ಬರುವ ಪೈಲಟ್‌ನ ಎಡಕ್ಕೆ 90 ಜೋರು, ಬಲಕ್ಕೆ 150 ಜೋರು. ಎರಡೂ ಸಮನಾದ ಗೆರೆಯೇ ರನ್‌ವೇಯ ನಡು. ಗ್ಲೈಡ್ ಪಾತ್‌ನದೂ ಇದೇ ಲೆಕ್ಕ: ದಾರಿಗಿಂತ ಮೇಲಿದ್ದರೆ 90, ಕೆಳಗಿದ್ದರೆ 150. ವಿಮಾನದ ಯಂತ್ರ ಅಳೆಯುವುದು ಈ ಎರಡರ ವ್ಯತ್ಯಾಸವನ್ನು ಮಾತ್ರ.

ಇಳಿಯುವ ಕೋನ ಸಾಮಾನ್ಯವಾಗಿ 3 ಡಿಗ್ರಿ. ಅಂದರೆ ಪ್ರತಿ ಕಿ.ಮೀ.ಗೆ ಸುಮಾರು 52 ಮೀಟರ್ ಇಳಿತ. ರನ್‌ವೇಯ ಹೊಸ್ತಿಲು ದಾಟುವಾಗ ಈ ಕಾಣದ ದಾರಿ ನೆಲದಿಂದ 15 ಮೀಟರ್ ಎತ್ತರದಲ್ಲಿರುತ್ತದೆ.

ತಾನು ಹಿಡಿದಿರುವುದು ಸರಿಯಾದ ರನ್‌ವೇಯ ಸಂಕೇತವೇ ಎಂದು ಪೈಲಟ್‌ಗೆ ತಿಳಿಯುವುದು ಹೇಗೆ? ಮೋರ್ಸ್ ಗುರುತಿನಿಂದ. ಐಎಲ್‌ಎಸ್ ಗುರುತುಗಳು ಸಾಮಾನ್ಯವಾಗಿ ಐ ಅಕ್ಷರದಿಂದ ಶುರುವಾಗುತ್ತವೆ. ಮೋರ್ಸ್‌ನಲ್ಲಿ ಐ ಎಂದರೆ ಎರಡು ಚುಕ್ಕೆ.

ಜನವರಿ 26, 1938ರಂದು ಪೆನ್ಸಿಲ್ವೇನಿಯಾ ಸೆಂಟ್ರಲ್ ಏರ್‌ಲೈನ್ಸ್‌ನ ಬೋಯಿಂಗ್ 247 ವಿಮಾನ ವಾಷಿಂಗ್ಟನ್‌ನಿಂದ ಹೋಗಿ ಪಿಟ್ಸ್‌ಬರ್ಗ್‌ನಲ್ಲಿ ಹಿಮಬಿರುಗಾಳಿಯ ನಡುವೆ ಐಎಲ್‌ಎಸ್ ವಿಧಾನದಿಂದ ಇಳಿಯಿತು. ಅಮೆರಿಕದಲ್ಲಿ ಪ್ರಯಾಣಿಕರಿದ್ದ ವಿಮಾನವೊಂದು ಹೀಗೆ ಇಳಿದದ್ದು ಅದೇ ಮೊದಲು. ಪ್ರಯಾಣಿಕರ ಸಮೇತ ವಿಮಾನ ತಾನೇ ತಾನಾಗಿ ನೆಲ ಮುಟ್ಟಿದ್ದು 1965ರ ಜೂನ್ 10ರಂದು, ಪ್ಯಾರಿಸ್‌ನಿಂದ ಲಂಡನ್‌ನ ಹೀಥ್ರೂಗೆ ಬಂದ ಟ್ರೈಡೆಂಟ್ ವಿಮಾನದಲ್ಲಿ.

ಇನ್ನು ಮುಖ್ಯ ವಿಷಯ. ಮಂಜು ಈ ರೇಡಿಯೊ ಸಂಕೇತವನ್ನು ಕೆಡಿಸುವುದಿಲ್ಲ. ಬಿಸಿಲಿರಲಿ, ಕಾವಳವಿರಲಿ, ಸಂಕೇತ ಒಂದೇ. ಹಾಗಿದ್ದ ಮೇಲೆ ಮಂಜು ಬಿದ್ದ ದಿನ ಮಾತ್ರ ಅದಕ್ಕೆ ವಿಶೇಷ ಕಾವಲು ಯಾಕೆ? ಬಿಸಿಲಿನಲ್ಲಿ ಸಂಕೇತ ಕ್ಷಣಕಾಲ ಅಲುಗಿದರೂ ಪೈಲಟ್ ಕಣ್ಣಿಗೆ ರನ್‌ವೇ ಕಾಣುತ್ತದೆ, ಕೈಯಿಂದ ಸರಿಪಡಿಸುತ್ತಾರೆ. ದಟ್ಟ ಮಂಜಿನಲ್ಲಿ ವಿಮಾನ ನೆಲ ಮುಟ್ಟುವವರೆಗೂ, ಕೆಲವೊಮ್ಮೆ ಮುಟ್ಟಿ ಓಡುವಾಗಲೂ, ಆ ಸಂಕೇತವನ್ನೇ ನಂಬಿರುತ್ತದೆ. ಅಲುಗಾಟ ಅಷ್ಟೇ ಇದ್ದರೂ ಅದರಿಂದಾಗುವ ಅನಾಹುತ ಬೇರೆ.

ಆ ಸಂಕೇತವನ್ನು ಅಲುಗಿಸುವುದು ಯಾವುದು? ಬಹುಪಾಲು ಇನ್ನೊಂದು ವಿಮಾನವೇ. ಲೋಹದ ದೊಡ್ಡ ಬಾಲ ರೇಡಿಯೊ ಅಲೆಯನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ನೀರು ತುಂಬಿದ ತಟ್ಟೆಗೆ ಬಿದ್ದ ಬಿಸಿಲು ಗೋಡೆಯ ಮೇಲೆ ಕುಣಿಯುವ ಹಾಗೆ, ಚಿಮ್ಮಿದ ಅಲೆ ಮೂಲ ಅಲೆಯ ಜೊತೆ ಬೆರೆತು ‘ನಡು’ ಎಂಬ ಗೆರೆಯನ್ನು ಆಚೀಚೆ ಓಲಾಡಿಸುತ್ತದೆ. ಬಾಲ ಎತ್ತರವಾದಷ್ಟೂ ತೊಂದರೆ ಜಾಸ್ತಿ. ಬೋಯಿಂಗ್ 747ರ ಬಾಲ ನೆಲದಿಂದ 19 ಮೀಟರ್‌ಗೂ ಮೇಲೆ, ಎ380ಯದು 24 ಮೀಟರ್. ಎಮಿರೇಟ್ಸ್‌ನ ಎ380 ಬೆಂಗಳೂರಿಗೆ ಬರಲು ಶುರುಮಾಡಿದ್ದು 2022ರ ಅಕ್ಟೋಬರ್‌ನಲ್ಲಿ.

ಅದಕ್ಕಾಗಿಯೇ ನೆಲದ ಮೇಲೆ ಎರಡು ಬೇಲಿಯಿಲ್ಲದ ಆವರಣಗಳಿವೆ. ಆ್ಯಂಟೆನಾ ಹತ್ತಿರದ್ದು ಕ್ರಿಟಿಕಲ್ ಏರಿಯಾ. ಐಎಲ್‌ಎಸ್ ಬಳಸಿ ವಿಮಾನ ಇಳಿಯುತ್ತಿರುವಾಗ ಹವೆ ಹೇಗೇ ಇರಲಿ, ಅಲ್ಲಿ ಜೀಪೂ ನಿಲ್ಲಬಾರದು, ವಿಮಾನವೂ ನಿಲ್ಲಬಾರದು. ಅದನ್ನು ಸುತ್ತುವರಿದ ದೊಡ್ಡದು ಸೆನ್ಸಿಟಿವ್ ಏರಿಯಾ. ಮಂಜಿನ ದಿನ ಅದನ್ನೂ ಖಾಲಿ ಇಡಬೇಕು. ಅದರ ಅಳತೆ ಎಲ್ಲ ಕಡೆ ಒಂದೇ ಅಲ್ಲ. ಆ್ಯಂಟೆನಾ ಎಂಥದ್ದು, ಅಲ್ಲಿ ಓಡಾಡುವ ವಿಮಾನ ಎಷ್ಟು ದೊಡ್ಡದು, ಎಷ್ಟು ಕಡಿಮೆ ಗೋಚರತೆಯಲ್ಲಿ ಇಳಿಯಬೇಕು ಎಂಬುದರ ಮೇಲೆ ನಿಲ್ದಾಣ ನಿಲ್ದಾಣಕ್ಕೂ ಬದಲಾಗುತ್ತದೆ.

ಹಾರಲು ಕಾಯುವ ವಿಮಾನ ಮಂಜಿನ ದಿನ ರನ್‌ವೇಯಿಂದ ಇನ್ನಷ್ಟು ಹಿಂದೆ ನಿಲ್ಲುವುದು ಇದೇ ಕಾರಣಕ್ಕೆ. ಅಂಥ ಕಡೆ ನೆಲದ ಮೇಲೆ ಏಣಿಯಂತೆ ಹಳದಿ ಗೆರೆ ಬರೆದಿರುತ್ತಾರೆ, ಪಕ್ಕದಲ್ಲಿ ಕ್ಯಾಟ್ 2, ಕ್ಯಾಟ್ 3 ಎಂಬ ಫಲಕ ಇರುತ್ತದೆ. ಕ್ಯಾಟ್ ಅಂದರೆ ಕೆಟಗರಿ, ಎಷ್ಟು ಕಡಿಮೆ ಗೋಚರತೆಯಲ್ಲಿ ಇಳಿಯಬಹುದೆಂಬ ದರ್ಜೆ. ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳ ಸಾಲಿಗೆ ಸ್ಟಾಪ್ ಬಾರ್ ಎನ್ನುತ್ತಾರೆ. ಅದು ಉರಿಯುತ್ತಿರುವಾಗ ದಾಟುವಂತಿಲ್ಲ.

ಈಗ ತಡ ಯಾಕೆಂಬುದು ನಿಮಗೇ ಹೊಳೆದಿರಬೇಕು. ಬಿಸಿಲಿನ ದಿನ ಒಂದು ವಿಮಾನ ಏರಿದ ಕೂಡಲೇ ಇನ್ನೊಂದು ಇಳಿಯಬಹುದು. ಮಂಜಿನ ದಿನ ಹಾಗಿಲ್ಲ. ಏರುವ ವಿಮಾನ ರನ್‌ವೇ ಉದ್ದಕ್ಕೂ ಓಡಿ, ಆಚೆ ತುದಿಯ ಲೋಕಲೈಜರ್ ಆ್ಯಂಟೆನಾವನ್ನು ಹಾರಿ ದಾಟಿರಬೇಕು. ಅಷ್ಟು ಹೊತ್ತಿಗೆ ಇಳಿಯಲು ಬರುವ ವಿಮಾನ ಇನ್ನೂ 2 ನಾಟಿಕಲ್ ಮೈಲಿ, ಅಂದರೆ ಸುಮಾರು 3.7 ಕಿ.ಮೀ., ಆಚೆಯೇ ಇರಬೇಕು. ಇಳಿದ ವಿಮಾನ ರನ್‌ವೇ ಬಿಟ್ಟರೆ ಸಾಲದು, ಅದರ ಬಾಲ ಸೆನ್ಸಿಟಿವ್ ಏರಿಯಾದಿಂದ ಪೂರ್ತಿ ಹೊರಬಂದ ಮೇಲೆಯೇ ಮುಂದಿನದಕ್ಕೆ ದಾರಿ ತೆರವು. ಆ ಬಾಲ ಟವರ್‌ನಲ್ಲಿರುವವರ ಕಣ್ಣಿಗೂ ಕಾಣುತ್ತಿರುವುದಿಲ್ಲ. ವಿಮಾನ ವಿಮಾನದ ನಡುವೆ ಅಂತರ ಬೆಳೆಯುತ್ತದೆ, ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ. ಬೆಂಗಳೂರಿನಲ್ಲಿ ಹೀಗೆ ಹಿಂದೆ ಬಿದ್ದ ವಿಮಾನವೇ ಮುಂದೆ ಕೊಯಮತ್ತೂರಿಗೂ ಬರಬೇಕಾದದ್ದು.

ಈ ಕಾವಲು ಇಲ್ಲದಿದ್ದರೆ ಏನಾಗುತ್ತದೆ? ನವೆಂಬರ್ 3, 2011ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಆದದ್ದು ಇಡೀ ಜಗತ್ತಿನ ವೈಮಾನಿಕ ತರಗತಿಗಳಿಗೆ ಪಾಠ. ಮ್ಯಾಂಚೆಸ್ಟರ್‌ನಿಂದ ಬರುತ್ತಿದ್ದ ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 777 ಅಲ್ಲಿ ಆಟೊಲ್ಯಾಂಡ್‌ನಲ್ಲಿ, ಅಂದರೆ ತಾನೇ ತಾನಾಗಿ, ಇಳಿಯುತ್ತಿತ್ತು. ಅಂದಿನ ಗೋಚರತೆ ಅಷ್ಟೇನೂ ಕೆಟ್ಟಿರಲಿಲ್ಲ. ಹಾಗಾಗಿ ಮಂಜಿನ ದಿನದ ಕಾವಲು ಜಾರಿಯಲ್ಲಿರಲಿಲ್ಲ. ಆಟೊಲ್ಯಾಂಡ್ ಮಾಡುತ್ತಿದ್ದೇವೆ ಎಂದು ಪೈಲಟ್‌ಗಳು ಟವರ್‌ಗೆ ತಿಳಿಸಿರಲಿಲ್ಲ. ಅದೇ ರನ್‌ವೇಯಿಂದ ಮುಂದೆ ಒಂದು ಆವ್ರೋ ಆರ್‌ಜೆ85 ವಿಮಾನ ಏರಿ, ಲೋಕಲೈಜರ್ ಮುಂದೆ ಹಾದುಹೋಯಿತು. ಆ ಕೆಲವೇ ಕ್ಷಣಗಳಲ್ಲಿ ಸಂಕೇತ ಬಾಗಿತು. ನೆಲಕ್ಕೆ ಹತ್ತಿರವಾಗಿದ್ದ 777 ಅದನ್ನೇ ನಿಜವೆಂದು ಹಿಂಬಾಲಿಸಿ ಎಡಕ್ಕೆ ವಾಲಿತು, ರನ್‌ವೇಯ ಎಡಗಡೆಯ ಹುಲ್ಲಿಗೆ ಇಳಿಯಿತು, ಅಲ್ಲಿಂದ ತಿರುಗಿ ರನ್‌ವೇಯನ್ನೇ ಅಡ್ಡ ದಾಟಿ ಬಲಗಡೆಯ ಹುಲ್ಲಿನಲ್ಲಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಸಂಕೇತ ಕಳಿಸುವ ಉಪಕರಣವೂ ಕೆಟ್ಟಿರಲಿಲ್ಲ. ಮುಖ್ಯ ಕೊರತೆ ಆದದ್ದು ಖಾಲಿ ಇರಬೇಕಿದ್ದ ಜಾಗದಲ್ಲಿ.

ಸಂಕೇತದ ಮೇಲೆ ನಿಗಾ ಇಡುವ ಮಾನಿಟರ್ ಯಂತ್ರಗಳು ಇಲ್ಲವೇ? ಇವೆ, ಮತ್ತು ಬಹಳ ಚುರುಕು. ಸಂಕೇತ ಮಿತಿ ಮೀರಿ ಕೆಟ್ಟರೆ ಕ್ಯಾಟ್ 1 ಲೋಕಲೈಜರ್ 10 ಸೆಕೆಂಡ್ ಒಳಗೆ, ಕ್ಯಾಟ್ 2 ಆದರೆ 5 ಸೆಕೆಂಡ್ ಒಳಗೆ, ಕ್ಯಾಟ್ 3 ಆದರೆ 2 ಸೆಕೆಂಡ್ ಒಳಗೆ ಬಂದ್ ಆಗಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಆದರೆ ಮಾನಿಟರ್ ನೋಡುವುದು ತನ್ನ ಪಕ್ಕದ ಆ್ಯಂಟೆನಾ ಸರಿಯಾಗಿ ಕಳಿಸುತ್ತಿದೆಯೇ ಎಂದು. ದೂರದಲ್ಲಿ ಯಾವುದೋ ವಿಮಾನದ ಬಾಲಕ್ಕೆ ತಾಗಿ ಸಂಕೇತ ಬಾಗಿದ್ದು ಅದಕ್ಕೆ ತಿಳಿಯುವುದಿಲ್ಲ. ಆ ಕಾವಲು ಮನುಷ್ಯರದ್ದೇ, ನಿಯಮ ಪಾಲಿಸುವವರದ್ದೇ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಅಂಶ ಇದು.

ಮಾನಿಟರನ್ನೇ ಬದಿಗಿಟ್ಟರೆ? ಜುಲೈ 2000ದಲ್ಲಿ ಸಮೋವಾದ ಏಪಿಯಾದಲ್ಲಿ ಕೆಲಸಗಾರರು ಗ್ಲೈಡ್ ಪಾತ್ ಉಪಕರಣವನ್ನು ಮಾನಿಟರ್ ಕಾವಲಿಲ್ಲದ ಸ್ಥಿತಿಯಲ್ಲೇ ಬಿಟ್ಟುಹೋಗಿದ್ದರು. ರಾತ್ರಿ ಬಂದ ಏರ್ ನ್ಯೂಜಿಲೆಂಡ್‌ನ ಬೋಯಿಂಗ್ 767ರ ಸೂಚಕ, ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ‘ದಾರಿ ಸರಿಯಿದೆ’ ಎಂದೇ ತೋರಿಸಿತು. ರನ್‌ವೇ ಇನ್ನೂ ಹಲವು ಕಿ.ಮೀ. ದೂರವಿರುವಾಗಲೇ ವಿಮಾನ ಸಮುದ್ರಕ್ಕೆ ಹತ್ತಿರವಾಗಿತ್ತು. ಏನೋ ಸರಿಯಿಲ್ಲವೆಂದು ಪೈಲಟ್‌ಗಳು ಮನಗಂಡು ಮೇಲೇರಿದ್ದರಿಂದ ಎಲ್ಲರೂ ಉಳಿದರು.

ಗ್ಲೈಡ್ ಪಾತ್‌ಗೆ ಸುಳ್ಳು ದಾರಿಗಳೂ ಇವೆ. ನಿಜವಾದ 3 ಡಿಗ್ರಿಯ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಇನ್ನೊಂದು ದಾರಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಪೈಲಟ್‌ಗಳು ಗ್ಲೈಡ್ ಪಾತನ್ನು ಯಾವಾಗಲೂ ಕೆಳಗಿನಿಂದ ಹಿಡಿಯುವ ರೂಢಿ. 2013ರ ಮೇ 31ರಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬೋಯಿಂಗ್ 737 ಒಂದು ಮೇಲಿನಿಂದ ಬಂದು ಸುಳ್ಳು ದಾರಿ ಹಿಡಿಯಿತು. ಮೂತಿ ಥಟ್ಟನೆ ಮೇಲೆದ್ದು, ವೇಗ ಕುಸಿದು, ಅಪಾಯದ ಎಚ್ಚರಿಕೆ ಮೊಳಗಿತು. ಪೈಲಟ್‌ಗಳು ಸಾವರಿಸಿಕೊಂಡರು.

ಗ್ಲೈಡ್ ಪಾತ್‌ಗೆ ನೆಲವೂ ಉಪಕರಣದ ಒಂದು ಭಾಗ ಎಂಬುದು ಗೊತ್ತೇ? ಆ್ಯಂಟೆನಾ ಮುಂದಿನ ಸಮತಟ್ಟು ನೆಲಕ್ಕೆ ಅಲೆ ತಾಗಿ ಚಿಮ್ಮಿ, ನೇರ ಅಲೆಯ ಜೊತೆ ಸೇರಿದಾಗಲೇ ಆ 3 ಡಿಗ್ರಿಯ ದಾರಿ ಮೂಡುತ್ತದೆ. ಹಾಗಾಗಿ ಅಲ್ಲಿ ಹುಲ್ಲು ಎತ್ತರ ಬೆಳೆಯಬಾರದು, ಮಣ್ಣಿನ ಗುಡ್ಡೆ ಬೀಳಬಾರದು, ನೀರು ನಿಲ್ಲಬಾರದು. ಹುಲ್ಲು ಕತ್ತರಿಸುವವರ ಕೆಲಸವೂ ಇಲ್ಲಿ ಸುರಕ್ಷತೆಯ ಕೆಲಸವೇ.

ಕ್ಯಾಟ್ ಎಂಬ ಮಾತು ಆಗಲೇ ಬಂತು. ಕ್ಯಾಟ್ 1ರಲ್ಲಿ ಪೈಲಟ್ 200 ಅಡಿ ಎತ್ತರಕ್ಕೆ ಬರುವ ಹೊತ್ತಿಗೆ ರನ್‌ವೇ ದೀಪ ಕಾಣಬೇಕು, ರನ್‌ವೇ ಗೋಚರತೆ 550 ಮೀಟರ್‌ಗೆ ಕಡಿಮೆಯಿರಬಾರದು. ಕ್ಯಾಟ್ 2ರಲ್ಲಿ 100 ಅಡಿ, 300 ಮೀಟರ್. ಕ್ಯಾಟ್ 3-ಬಿಯಲ್ಲಿ 50 ಮೀಟರ್‌ವರೆಗೂ ಇಳಿಯಬಹುದು. ಇಳಿಯುವ ಜೆಟ್ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿರುತ್ತದೆ, ಅಂದರೆ ಸೆಕೆಂಡಿಗೆ 72 ಮೀಟರ್. 50 ಮೀಟರ್ ಮುಂದಿರುವುದು ಕಂಡು ಒಂದು ಸೆಕೆಂಡ್ ತುಂಬುವುದರೊಳಗೆ ಹಿಂದೆ ಹೋಗಿರುತ್ತದೆ. ಮನುಷ್ಯ ನೋಡಿ, ನಿರ್ಧರಿಸಿ, ತಿರುಗಿಸುವ ಮಾತೇ ಇಲ್ಲ. ಅಲ್ಲಿ ಇಳಿಸುವುದು ಆಟೊಪೈಲಟ್, ಅದು ನಂಬಿರುವುದು ಸಂಕೇತವನ್ನು.

ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ 24ರಂದು. ದಕ್ಷಿಣದ ಎರಡನೇ ರನ್‌ವೇ ಬಳಕೆಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ನಿಲ್ದಾಣವಿರುವ ದೇವನಹಳ್ಳಿ ಸುತ್ತ ಚಳಿಗಾಲದ ಬೆಳಗಿನ ಜಾವ ನೆಲ ತಣ್ಣಗಾಗಿ, ಗಾಳಿ ನಿಂತು, ಮಂಜು ಕವಿಯುತ್ತದೆ. ಮೊದಲು ಅಲ್ಲಿ ಇಳಿಯಲು 550 ಮೀಟರ್, ಏರಲು 300 ಮೀಟರ್ ಗೋಚರತೆ ಬೇಕಿತ್ತು. ದಕ್ಷಿಣ ರನ್‌ವೇಗೆ ಕ್ಯಾಟ್ 3-ಬಿ ಬಂದ ಮೇಲೆ 50 ಮೀಟರ್‌ನಲ್ಲಿ ಇಳಿಯಬಹುದು, 125 ಮೀಟರ್‌ನಲ್ಲಿ ಏರಬಹುದು. ದಕ್ಷಿಣ ಭಾರತದಲ್ಲಿ ಈ ಸೌಲಭ್ಯ ಪಡೆದ ಮೊದಲ ನಿಲ್ದಾಣ ಅದು.

ಆದರೆ ನಿಲ್ದಾಣಕ್ಕಿದ್ದರೆ ಸಾಲದು. ವಿಮಾನಕ್ಕೂ ಆ ಅರ್ಹತೆ ಬೇಕು, ಪೈಲಟ್‌ಗಳಿಬ್ಬರಿಗೂ ತರಬೇತಿ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಊರಿಗೆ ಹೋಗಿ ಇಳಿಯಬೇಕು. 2023ರ ಡಿಸೆಂಬರ್‌ನಲ್ಲಿ ದೆಹಲಿಯ ಮಂಜಿನ ದಿನಗಳಲ್ಲಿ ತರಬೇತಿಯಿಲ್ಲದ ಪೈಲಟ್‌ಗಳನ್ನು ಕಳಿಸಿದ್ದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಎರಡು ವಿಮಾನ ಸಂಸ್ಥೆಗಳಿಗೆ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡ ಸರಿಯಾದದ್ದೇ.

ರನ್‌ವೇ ಗೋಚರತೆ ಅಳೆಯುವ ‘ದೃಷ್ಟಿ’ ಎಂಬ ಯಂತ್ರ ಹುಟ್ಟಿದ್ದು ಬೆಂಗಳೂರಿನಲ್ಲಿ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ವಿಜ್ಞಾನಿಗಳು ರೂಪಿಸಿದ ಇದನ್ನು ಹವಾಮಾನ ಇಲಾಖೆ ದೇಶದ ಹಲವು ನಿಲ್ದಾಣಗಳಲ್ಲಿ ಅಳವಡಿಸಿದೆ. ಬೆಳಕಿನ ಕಿರಣ ಒಂದು ಕಂಬದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಷ್ಟು ಮಂಕಾಯಿತೆಂದು ನೋಡಿ ಅದು ಲೆಕ್ಕ ಹಾಕುತ್ತದೆ. ಹಿಂದೆ ಇಂಥ ಯಂತ್ರವನ್ನು ಹೊರದೇಶದಿಂದ ತರಿಸಬೇಕಿತ್ತು. ಕನ್ನಡನಾಡು ಹೆಮ್ಮೆಪಡಬೇಕಾದ ಕೆಲಸ.

ಮಂಗಳೂರಿನ ಮಾತು ಬಾರದೆ ಈ ವಿಷಯ ಮುಗಿಯದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ತುದಿಯಿಂದ ಕೆಳಗೆ ಬಿದ್ದು 158 ಜನ ತೀರಿಕೊಂಡರು, 8 ಮಂದಿ ಬದುಕಿದರು. ಅಂದು ಮಂಜಿರಲಿಲ್ಲ, ಗೋಚರತೆ 6 ಕಿ.ಮೀ. ಇತ್ತು. ನಿಲ್ದಾಣದ ರಡಾರ್ ಮೇ 20ರಿಂದ ಕೆಟ್ಟಿತ್ತು, ಹಾಗಾಗಿ ವಿಮಾನಕ್ಕೆ ಇಳಿತ ಶುರುಮಾಡಲು ತಡವಾಗಿ ಅನುಮತಿ ಸಿಕ್ಕಿತು. ಗ್ಲೈಡ್ ಪಾತನ್ನು ಸರಿಯಾದ ಎತ್ತರದಲ್ಲಿ ಹಿಡಿಯದೆ, ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿ ವಿಮಾನ ಬಂತು. ಸಂಕೇತ ಸರಿಯಿತ್ತು, ಅದನ್ನು ಅನುಸರಿಸಲಿಲ್ಲ, ಮತ್ತೆ ಮೇಲೇರಲೂ ಇಲ್ಲ. ರನ್‌ವೇ ದಾಟಿದ ವಿಮಾನದ ಬಲರೆಕ್ಕೆ ಲೋಕಲೈಜರ್ ಆ್ಯಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು ಎಂದು ತನಿಖಾ ವರದಿ ಹೇಳಿದೆ. ರನ್‌ವೇ ತುದಿಯಲ್ಲಿ ನಿಲ್ಲಿಸುವ ಇಂಥ ಸಲಕರಣೆಗಳು ಬಡಿದರೆ ಸುಲಭವಾಗಿ ಮುರಿದು ಬೀಳುವಂತಿರಬೇಕು ಎಂಬ ನಿಯಮದ ಬೆಲೆ ತಿಳಿಯಬೇಕಾದರೆ ಆ ದಿನವನ್ನು ನೆನೆಯಬೇಕು.

ಮಂಜಿನ ದಿನದ ನಿಯಮ ಸಂಕೇತಕ್ಕಷ್ಟೇ ಅಲ್ಲ, ರನ್‌ವೇಗೂ ಕಾವಲು. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಮಂಜಿನೊಳಗೆ ದಾರಿ ತಪ್ಪಿದ ಚಿಕ್ಕ ಜೆಟ್ ಒಂದು ರನ್‌ವೇಗೆ ಬಂದು, ಏರುತ್ತಿದ್ದ ದೊಡ್ಡ ವಿಮಾನಕ್ಕೆ ಅಡ್ಡವಾಯಿತು. 118 ಜನ ಸತ್ತರು. ನೆಲದ ಓಡಾಟ ತೋರಿಸುವ ರಡಾರ್ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಎಫ್‌ಎಂ ರೇಡಿಯೊ ಮುಗಿಯುವುದು 108 ಮೆಗಾಹರ್ಟ್ಸ್‌ನಲ್ಲಿ, ಲೋಕಲೈಜರ್ ಶುರುವಾಗುವುದು 108.10ರಲ್ಲಿ. ಹಾಗಾಗಿ ಬೇರೆ ರೇಡಿಯೊ ಅಲೆಗಳಿಂದಲೂ ಸಂಕೇತಕ್ಕೆ ಕಾವಲು ಬೇಕು. ಇಷ್ಟು ಹತ್ತಿರದ ನೆರೆಯಿಂದಾಗಿ, ಎಫ್‌ಎಂನ ಪ್ರಬಲ ಅಲೆಗಳಿಗೆ ಜಗ್ಗದ ಗ್ರಾಹಕಗಳೇ ವಿಮಾನದಲ್ಲಿರಬೇಕೆಂಬ ಅಂತರರಾಷ್ಟ್ರೀಯ ನಿಯಮ 1998ರಿಂದ ಇದೆ.

5ಜಿ ಗೋಪುರಗಳಿಗೂ ಗಡಿಯಿದೆ. ಮಂಜಿನಲ್ಲಿ ಇಳಿಯುವಾಗ ನೆಲ ಎಷ್ಟು ಕೆಳಗಿದೆ ಎಂದು ಹೇಳುವ ರೇಡಿಯೊ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ತೊಂದರೆಯಾಗದಿರಲೆಂದು 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ರನ್‌ವೇಯ ಎರಡೂ ತುದಿಗಳಿಂದ 2.1 ಕಿ.ಮೀ. ಮತ್ತು ನಡುಗೆರೆಯಿಂದ 910 ಮೀಟರ್ ಒಳಗೆ ಆ ಹತ್ತಿರದ ತರಂಗಾಂತರದ 5ಜಿ ಕೇಂದ್ರ ಹಾಕಬಾರದೆಂದು ಕಂಪನಿಗಳಿಗೆ ಬರೆಯಿತು.

ಪಾಲಕ್ಕಾಡ್ ಕಣಿವೆಯ ಗಾಳಿಗೆ ತಿರುಗುವ ಗಾಳಿಯಂತ್ರಗಳು ಉಡುಮಲೈ, ಪಲ್ಲಡಂ ಕಡೆಯವರಿಗೆ ದಿನದ ನೋಟ. ಅವುಗಳ ರೆಕ್ಕೆಗಳೂ ರೇಡಿಯೊ ಅಲೆಯನ್ನು ಚಿಮ್ಮಿಸಬಲ್ಲವು. ವಿಮಾನಕ್ಕೆ ದಿಕ್ಕು ಹೇಳುವ ವಿಒಆರ್ ಎಂಬ ಕೇಂದ್ರದಿಂದ 15 ಕಿ.ಮೀ. ಒಳಗೆ ಗಾಳಿಯಂತ್ರ ಬರುವುದಾದರೆ ಮೊದಲು ಪರಿಶೀಲಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗದರ್ಶಿ ಹೇಳುತ್ತದೆ.

ಸಂಕೇತ ನೆಟ್ಟಗಿದೆಯೇ ಎಂದು ಹಾರಿಯೇ ಪರೀಕ್ಷಿಸುವ ವಿಮಾನಗಳೂ ಇವೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಅಳತೆಯ ಉಪಕರಣ ಹೊತ್ತ ಬೀಚ್‌ಕ್ರಾಫ್ಟ್ ವಿಮಾನದಲ್ಲಿ ದೇಶದ ನಿಲ್ದಾಣಗಳಿಗೆ ಹೋಗಿ ಮತ್ತೆ ಮತ್ತೆ ಅದೇ ದಾರಿಯಲ್ಲಿ ಇಳಿದು ಏರಿ ನೋಡುತ್ತದೆ.

ಐಎಲ್‌ಎಸ್ ಬದಲಿಗೆ ಉಪಗ್ರಹ ಬರುವುದೇ? ಭಾರತದ ‘ಗಗನ್’ ವ್ಯವಸ್ಥೆ ಬಳಸಿ 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಇಳಿದಿದೆ. ಗಗನ್‌ನ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ರನ್‌ವೇ ಪಕ್ಕ ಆ್ಯಂಟೆನಾ ನಿಲ್ಲಿಸುವ ಖರ್ಚು ಹೊರಲಾರದ ಚಿಕ್ಕ ಊರುಗಳಿಗೆ ಇದು ವರ. ಆದರೆ 50 ಮೀಟರ್ ಗೋಚರತೆಯಲ್ಲಿ ನೆಲ ಮುಟ್ಟಿಸುವ ಕೆಲಸವನ್ನು ನಮ್ಮಲ್ಲಿ ಇಂದಿಗೂ ಮಾಡುವುದು ನೆಲದ ಐಎಲ್‌ಎಸ್ಸೇ. ಉಪಗ್ರಹ ಸಂಕೇತಕ್ಕೆ ಅಡ್ಡಿಪಡಿಸುವ ಪ್ರಕರಣಗಳ ಬಗ್ಗೆ ಮಹಾನಿರ್ದೇಶನಾಲಯ 2023ರ ನವೆಂಬರ್‌ನಲ್ಲಿ ಎಚ್ಚರಿಕೆಯ ಸುತ್ತೋಲೆ ಹೊರಡಿಸಿದ ಮೇಲಂತೂ ಈ ಹಳೆಯ ವ್ಯವಸ್ಥೆಯನ್ನು ಕೈಬಿಡುವುದು ಜಾಣತನವಲ್ಲ.

ಓದುಗರಲ್ಲಿ ಒಂದು ಕೋರಿಕೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಶುರುವಿನವರೆಗೆ ಬೆಂಗಳೂರಿನ ಮೂಲಕ ಮುಂದಿನ ವಿಮಾನ ಹಿಡಿಯುವುದಿದ್ದರೆ, ನಡುವೆ ಸಾಕಷ್ಟು ಸಮಯವಿಟ್ಟು ಟಿಕೆಟ್ ತೆಗೆಯಿರಿ. ಬೆಳಗಿನ ಜಾವ ಇಳಿಯುವ ವಿಮಾನ ಬಿಟ್ಟು ಹತ್ತು ಗಂಟೆಯ ನಂತರದ್ದು ಸಿಕ್ಕಿದರೆ ಅದನ್ನೇ ಆರಿಸಿ. ಮಂಜಿನಿಂದ ತಡ ಎಂದಾಗ ಕೌಂಟರ್‌ನ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ.